ಹಗಲು ಹಲ್ಲಿನ ವೈದ್ಯೆ, ಇರುಳು ನಾದದ ಒಡತಿ
ಸೈಬೀರಿಯದ ನೀನಾ ಕ್ರಾವಿಜ್

ಹೊಟ್ಟೆಪಾಡಿಗೆ ಒಂದು ಕಸುಬು, ಮನಸ್ಸಿನ ತೃಪ್ತಿಗೆ ಇನ್ನೊಂದು ವಿದ್ಯೆ. ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟವನನ್ನು ಕಂಡು ಲೋಕವು ಸಾಮಾನ್ಯವಾಗಿ ನಗುವುದುಂಟು. ಎರಡರಲ್ಲೊಂದನ್ನು ಬಿಡು ಎಂದು ಬುದ್ಧಿ ಹೇಳುವುದೂ ಉಂಟು. ಆದರೆ ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ದೀಪ ಹಚ್ಚುವ ಹೊತ್ತಿಗೆ ಪುಸ್ತಕ ಹಿಡಿದು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತ ಮುಂಬಯಿಯ ಕನ್ನಡಿಗರಿಗೆ ಆ ಪ್ರಯಾಣದ ಕಷ್ಟವೂ ಗೊತ್ತು, ಅದರ ಸುಖವೂ ಗೊತ್ತು. ಅಂತಹ ವಾಚಕರಿಗೆ ರಷ್ಯದ ನೀನಾ ಕ್ರಾವಿಜ್ ಎಂಬಾಕೆಯ ವೃತ್ತಾಂತವು ತೀರ ಅಪರಿಚಿತವೆನಿಸಲಾರದು. ಹಗಲಿನಲ್ಲಿ ರೋಗಿಗಳ ಹಲ್ಲನ್ನು ನೋಡಿ, ಇರುಳಿನಲ್ಲಿ ನೃತ್ಯಶಾಲೆಯಲ್ಲಿ ರೆಕಾರ್ಡುಗಳನ್ನು ನುಡಿಸಿ, ಕೊನೆಗೆ ಜಗತ್ತಿನ ಹೆಸರಾಂತ ಡಿ.ಜೆ.ಗಳ ಸಾಲಿನಲ್ಲಿ ನಿಂತವಳು ಆಕೆ.

ಅಂಗಾರಾ ನದಿಯ ದಡದಲ್ಲಿ

ನೀನಾ ಹುಟ್ಟಿದ್ದು ಸೈಬೀರಿಯದ ಇರ್ಕುಟ್ಸ್ಕ್ ನಗರದಲ್ಲಿ. ಆಗಿನ್ನೂ ಸೋವಿಯತ್ ಒಕ್ಕೂಟದ ಆಳ್ವಿಕೆ. ಜಗತ್ತಿನ ಸರೋವರಗಳಲ್ಲೆಲ್ಲ ಅತ್ಯಂತ ಆಳವಾದ ಬೈಕಾಲ್ ಸರೋವರದಿಂದ ಹೊರಟ ಅಂಗಾರಾ ನದಿಯು ಈ ಊರನ್ನು ಹಾದು ಹರಿಯುತ್ತದೆ. ಇಲ್ಲಿಂದ ಮಾಸ್ಕೋಗೆ ರೈಲುಮಾರ್ಗವಾಗಿ ೫,೦೦೦ ಕಿಲೋಮೀಟರಿಗೂ ಮಿಕ್ಕ ದೂರ. ಚಳಿಗಾಲವೋ ದೀರ್ಘ, ಕಠೋರ. ಮನೆಯಲ್ಲಿ ತಂದೆ ಸಂಗೀತಪ್ರಿಯ. ಆತನ ಸಂಗ್ರಹದ ರೆಕಾರ್ಡುಗಳನ್ನು ಕೇಳುತ್ತ ಬೆಳೆದ ಹುಡುಗಿಗೆ ದೂರದೇಶಗಳ ನಾದವು ಚಿಕ್ಕಂದಿನಲ್ಲಿಯೇ ಪರಿಚಿತವಾಯಿತು.

ಆ ದೇಶದಲ್ಲಿ ರೆಕಾರ್ಡಿಗೆ ಇದ್ದ ಬೆಲೆಯನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ನೋಡಬೇಕು. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮದ ಜಾಜ್ ಮತ್ತು ನೃತ್ಯಸಂಗೀತಕ್ಕೆ ಸೋವಿಯತ್ ಸರ್ಕಾರದ ಕೆಂಗಣ್ಣು ಬಿದ್ದಿತ್ತು. ಆಗ ಲೆನಿನ್‌ಗ್ರಾಡಿನ ಕೆಲವು ಸಾಹಸಿಗಳು ಆಸ್ಪತ್ರೆಗಳಲ್ಲಿ ಬಳಸಿ ಬಿಸುಟ ಎಕ್ಸ್‌ರೇ ಹಾಳೆಗಳನ್ನು ತಂದು, ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನ ಕಿಡಿಯಿಂದ ರಂಧ್ರ ಸುಟ್ಟು, ಅವುಗಳ ಮೇಲೆ ನಿಷಿದ್ಧ ಹಾಡುಗಳನ್ನು ಕೊರೆದು ಗುಟ್ಟಾಗಿ ಮಾರಿದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಮುಳ್ಳಿಟ್ಟರೆ ಹಾಡು! ಜನರು ಅದಕ್ಕೆ ‘ಎಲುಬಿನ ಮೇಲಿನ ಸಂಗೀತ’ ಎಂದೇ ಹೆಸರಿಟ್ಟರು. ೧೯೫೮ರಲ್ಲಿ ಕಾನೂನು ಅದನ್ನು ಅಪರಾಧವೆಂದು ಸಾರಿತು. ೧೯೯೧ರಲ್ಲಿ ಒಕ್ಕೂಟವೇ ಕುಸಿದ ಮೇಲೆ ಬಾಗಿಲುಗಳು ತೆರೆದವು. ಹಿರಿಯರು ಕದ್ದು ಕೇಳಿದ ಪಶ್ಚಿಮದ ಸಂಗೀತವನ್ನು ಕಿರಿಯರು ರಾಜಾರೋಷವಾಗಿ ಕೇಳತೊಡಗಿದರು. ನೀನಾಳ ತಲೆಮಾರು ಇಂತಹದು.

ವಿದ್ಯೆಯೂ ವೀಸಾವೂ

ಸಂಗೀತವು ಎಷ್ಟೇ ಪ್ರಿಯವಾಗಿರಲಿ, ಅನ್ನಕ್ಕೆ ಒಂದು ದಾರಿ ಬೇಕು. ನೀನಾ ಇರ್ಕುಟ್ಸ್ಕ್ ಬಿಟ್ಟು ಮಾಸ್ಕೋಗೆ ಬಂದು ದಂತವೈದ್ಯಕೀಯವನ್ನು ಅಭ್ಯಾಸ ಮಾಡಿದಳು. ಅನಂತರ ಮಾಜಿ ಯೋಧರ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸಮಾಡಿದಳು. ರಣರಂಗವನ್ನು ಕಂಡ ವೃದ್ಧರು ಬಾಯಿ ತೆರೆದು ಕುರ್ಚಿಯಲ್ಲಿ ಒರಗುವರು. ಕೈ ನಡುಗದೆ ಅವರ ನೋವನ್ನು ನಿವಾರಿಸುವುದು ಈಕೆಯ ಹಗಲಿನ ಧರ್ಮ. ರಾತ್ರಿಯಾದೊಡನೆ ಬೇರೊಂದು ಲೋಕ.

೨೦೦೫ರಲ್ಲಿ ಒಂದು ಅವಕಾಶ ಒದಗಿತು. ಒಂದು ಪೇಯದ ಕಂಪೆನಿಯ ಆಶ್ರಯದಲ್ಲಿ ವರ್ಷಕ್ಕೊಂದು ನಗರದಲ್ಲಿ ನಡೆಯುತ್ತಿದ್ದ ರೆಡ್ ಬುಲ್ ಸಂಗೀತ ಅಕಾಡೆಮಿಗೆ ಆಕೆ ಆಯ್ಕೆಯಾದಳು. ಆ ವರ್ಷದ ಶಿಬಿರವು ಅಮೆರಿಕದ ಸಿಯಾಟಲ್ ನಗರದಲ್ಲಿ. ಆದರೆ ವೀಸಾ ದೊರೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ಮುದ್ರೆಯ ಕೊರತೆಯಿಂದ ಇಡೀ ಬದುಕು ಹಿಂದೆ ಬೀಳುವ ಸಂಕಟವನ್ನು ಊರು ಬಿಟ್ಟು ಬಂದವರಿಗೆ ವಿವರಿಸಬೇಕಾದುದಿಲ್ಲ. ಆಕೆ ಆಸೆ ಬಿಡಲಿಲ್ಲ. ಮರುವರ್ಷ, ೨೦೦೬ರಲ್ಲಿ, ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ಶಿಬಿರಕ್ಕೆ ಹೋಗಿ ಕಲಿತು ಬಂದಳು.

ರೆಕಾರ್ಡು ನುಡಿಸುವುದೂ ಒಂದು ವಿದ್ಯೆ

ಮಾಸ್ಕೋದಲ್ಲಿ ‘ಪ್ರೊಪಗಾಂಡಾ’ ಎಂಬ ಹೆಸರಿನ ಸ್ಥಳವೊಂದು ೧೯೯೭ರಲ್ಲಿ ಆರಂಭವಾಗಿತ್ತು. ಹಗಲಿನಲ್ಲಿ ಅದು ಊಟದ ಮನೆ. ರಾತ್ರಿ ಮೇಜುಗಳನ್ನು ಸರಿಸಿದರೆ ನೃತ್ಯಶಾಲೆ. ೨೦೦೮ರ ಹೊತ್ತಿಗೆ ಪ್ರತಿ ಶುಕ್ರವಾರ ರಾತ್ರಿ ಅಲ್ಲಿ ರೆಕಾರ್ಡು ನುಡಿಸುವವಳು ನೀನಾ.

ಬೇರೆಯವರು ಮಾಡಿದ ರೆಕಾರ್ಡನ್ನು ಹಾಕುವುದರಲ್ಲಿ ಏನು ಮಹಾ ವಿದ್ಯೆ ಎಂದು ಕೇಳುವವರುಂಟು. ಮೇಜಿನ ಮೇಲೆ ಎರಡು ತಿರುಗುವ ತಟ್ಟೆಗಳು, ನಡುವೆ ಮಿಕ್ಸರ್ ಎಂಬ ಯಂತ್ರ. ಒಂದು ತಟ್ಟೆಯ ರೆಕಾರ್ಡು ಸಭೆಗೆ ಕೇಳಿಸುತ್ತಿರುವಾಗ ಡಿ.ಜೆ.ಯಾದವಳು ಹೆಡ್‌ಫೋನಿನಲ್ಲಿ ಇನ್ನೊಂದು ತಟ್ಟೆಯದನ್ನು ತಾನೊಬ್ಬಳೇ ಕೇಳಬೇಕು. ಅದರ ವೇಗವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಎರಡರ ತಾಳವನ್ನೂ ಒಂದುಗೂಡಿಸಬೇಕು. ಬಳಿಕ ಮೊದಲಿನದನ್ನು ಮೆಲ್ಲನೆ ತಗ್ಗಿಸಿ ಎರಡನೆಯದನ್ನು ಎತ್ತಬೇಕು. ಕುಣಿಯುವವರ ಹೆಜ್ಜೆ ಎಲ್ಲಿಯೂ ತಪ್ಪಕೂಡದು. ಒಂದು ದೋಸೆ ಕಾವಲಿಯ ಮೇಲಿರುವಾಗಲೇ ಮುಂದಿನ ಮೇಜಿನವರ ಹಸಿವನ್ನು ಕಣ್ಣಿನಲ್ಲೇ ಅಳೆಯುವ ನುರಿತ ಅಡಿಗೆಯವನ ಎಚ್ಚರವೇ ಇಲ್ಲಿಯೂ ಬೇಕು. ಸಭೆಯ ಮನಸ್ಸು ಎತ್ತ ವಾಲುತ್ತಿದೆ, ಈಗ ಬಿಸಿ ಬೇಕೋ ತಂಪು ಬೇಕೋ ಎಂಬುದನ್ನು ಅರಿತು ಮುಂದಿನ ರೆಕಾರ್ಡನ್ನು ಆರಿಸಬೇಕು. ಇದನ್ನು ಗಂಟೆಗಟ್ಟಲೆ, ನಿಂತ ಕಾಲಿನಲ್ಲೇ ಮಾಡಬೇಕು.

ಈ ಸಂಗೀತದ ಮೂಲವೂ ಶ್ರೀಮಂತರ ಮನೆಯಲ್ಲ. ೧೯೮೦ರ ದಶಕದಲ್ಲಿ ಅಮೆರಿಕದ ಶಿಕಾಗೋ ನಗರದ ನೀಗ್ರೋ ವಂಶದ ತರುಣರು ‘ಹೌಸ್’ ಎಂಬ ಪ್ರಕಾರವನ್ನೂ, ಮೋಟಾರು ಕಾರಖಾನೆಗಳ ಡೆಟ್ರಾಯಿಟಿನ ಅಂತಹವರೇ ‘ಟೆಕ್ನೊ’ ಎಂಬುದನ್ನೂ ಕಟ್ಟಿದರು. ಜಪಾನಿನ ರೋಲೆಂಡ್ ಕಂಪೆನಿಯು ಗಿಟಾರಿನ ಮಂದ್ರಸ್ವರಕ್ಕೆ ಬದಲಿಯಾಗಿ ಟಿಬಿ-೩೦೩ ಎಂಬ ಪುಟ್ಟ ಪೆಟ್ಟಿಗೆಯನ್ನು ಹೊರಡಿಸಿತ್ತು. ಅದು ಗಿಟಾರಿನಂತೆ ನುಡಿಯಲಿಲ್ಲ. ೧೯೮೪ರಲ್ಲಿ ತಯಾರಿಕೆಯೇ ನಿಂತಿತು. ಹಳೆಯ ಸಾಮಾನಿನ ಅಂಗಡಿಗೆ ಬಿದ್ದ ಆ ಪೆಟ್ಟಿಗೆಯ ಗುಂಡಿಗಳನ್ನು ಶಿಕಾಗೋದ ‘ಫ್ಯೂಚರ್’ ತಂಡದವರು ಮನಬಂದಂತೆ ತಿರುವಿದಾಗ ಹಿಂದೆಂದೂ ಕೇಳದ ನುಲಿಯುವ ನಾದವೊಂದು ಹೊರಟಿತು. ೧೯೮೭ರಲ್ಲಿ ಅದು ರೆಕಾರ್ಡಾಗಿ ಬಂದು ‘ಆಸಿಡ್’ ಎಂಬ ಪ್ರಕಾರಕ್ಕೆ ಜನ್ಮವಿತ್ತಿತು. ನೀನಾಳಿಗೆ ಈ ನಾದದ ಮೇಲೆ ವಿಶೇಷ ಮೋಹ. ಲೋಕವು ಕೆಲಸಕ್ಕೆ ಬಾರದೆಂದು ಬದಿಗಿಟ್ಟುದನ್ನು ಹುಡುಕಿ ನುಡಿಸುವುದೇ ಆಕೆಯ ಹೆಗ್ಗಳಿಕೆ.

ಕೀರ್ತಿಯೂ ಅದರ ಬೆಲೆಯೂ

೨೦೦೯ರಿಂದ ಇಂಗ್ಲೆಂಡಿನ ‘ರೀಕಿಡ್ಸ್’ ಸಂಸ್ಥೆಯು ಆಕೆಯ ಸ್ವಂತ ರಚನೆಗಳನ್ನು ಹೊರತರತೊಡಗಿತು. ೨೦೧೧ರ ‘ಘೆಟ್ಟೊ ಕ್ರಾವಿಜ್’ ಎಂಬುದರಲ್ಲಿ ತಾಳದ ಬಡಿತ, ಅದರ ಮೇಲೆ ಪಿಸುಗುಡುವ ಆಕೆಯದೇ ದನಿ, ಅಷ್ಟೆ. ಆ ಮಿತವ್ಯಯವೇ ಯೂರೋಪನ್ನು ಕುಣಿಸಿತು. ೨೦೧೨ರಲ್ಲಿ ಆಕೆಯ ಹೆಸರಿನ ಮೊದಲ ಆಲ್ಬಮ್ ಬಂದಿತು. ದಂತವೈದ್ಯದ ಉಪಕರಣಗಳಿಗೆ ಆ ವೇಳೆಗೆ ಬಿಡುವು ದೊರೆತಿತ್ತು.

ಕೀರ್ತಿಯ ಹಿಂದೆಯೇ ಕೊಂಕು ಮಾತೂ ಬಂದಿತು. ೨೦೧೩ರಲ್ಲಿ ಆಕೆಯ ಪ್ರವಾಸಜೀವನವನ್ನು ಕುರಿತ ಕಿರುಚಿತ್ರವೊಂದು ಪ್ರಕಟವಾಯಿತು. ಅದರಲ್ಲಿ ಆಕೆ ಸ್ನಾನದ ತೊಟ್ಟಿಯ ನೊರೆಯಲ್ಲಿ ಕುಳಿತು ಮಾತನಾಡುವ ದೃಶ್ಯವೊಂದಿತ್ತು. ರೂಪದ ಬಲದಿಂದ ಮೇಲೆ ಬಂದವಳೆಂದು ಹಲವರು ಆಡಿಕೊಂಡರು. ಆಕೆ ಬಹಿರಂಗವಾಗಿಯೇ ಉತ್ತರ ಕೊಟ್ಟಳು. ಗಂಡಸಾದರೆ ಕೈಚಳಕವನ್ನು ನೋಡುವ ಲೋಕವು ಹೆಂಗಸಾದರೆ ಮುಖವನ್ನು ನೋಡುವುದೇಕೆ ಎಂಬ ಚರ್ಚೆ ಆಗ ನಡೆಯಿತು. ಆಕೆಯ ನಿಜವಾದ ಉತ್ತರ ಕೆಲಸವೇ. ೨೦೧೪ರಲ್ಲಿ ತನ್ನದೇ ರೆಕಾರ್ಡು ಸಂಸ್ಥೆಯನ್ನು ಸ್ಥಾಪಿಸಿದಳು. ಪ್ರಯಾಣ ಎಂಬರ್ಥದ ‘ಟ್ರಿಪ್’ ಎಂದು ಅದರ ಹೆಸರು. ಬರೆಯುವುದು ಮಾತ್ರ ರಷ್ಯನ್ ಲಿಪಿಯಲ್ಲಿ. ಐಸ್‌ಲೆಂಡಿನ ಬ್ಯಾರ್ಕಿಯಂತಹ ಹೊಸಬರಿಗೆ ಅದು ಆಸರೆಯಾಯಿತು. ೨೦೧೭ರಲ್ಲಿ ಇಂಗ್ಲೆಂಡಿನ ‘ಮಿಕ್ಸ್‌ಮ್ಯಾಗ್’ ಪತ್ರಿಕೆ ಆಕೆಯನ್ನು ವರ್ಷದ ಡಿ.ಜೆ. ಎಂದು ಹೆಸರಿಸಿತು.

೨೦೨೨ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿದಾಗ ಬೇರೊಂದು ಪರೀಕ್ಷೆ ಎದುರಾಯಿತು. ಆಕೆ ಸ್ಪಷ್ಟವಾಗಿ ಖಂಡಿಸಲಿಲ್ಲವೆಂಬ ಆಕ್ಷೇಪ ಎದ್ದಿತು. ನೆದರ್ಲೆಂಡ್ಸಿನ ‘ಕ್ಲೋನ್’ ಸಂಸ್ಥೆಯು ಆಕೆಯ ರೆಕಾರ್ಡುಗಳ ವಿತರಣೆಯನ್ನು ನಿಲ್ಲಿಸಿತು. ಕೆಲವು ಉತ್ಸವಗಳಲ್ಲಿ ಆಕೆಯ ಕಾರ್ಯಕ್ರಮ ರದ್ದಾಯಿತು. ತಾನು ಎಲ್ಲ ಬಗೆಯ ಹಿಂಸೆಗೂ ವಿರೋಧಿ, ಶಾಂತಿಗಾಗಿ ಪ್ರಾರ್ಥಿಸುವೆನೆಂದು ಆಕೆ ಬರೆದಳು. ಕೆಲವರಿಗೆ ಅದು ಸಾಕೆನಿಸಿತು, ಮನೆ ಕಳೆದುಕೊಂಡವರ ಪಕ್ಷ ವಹಿಸಿದ ಅನೇಕರಿಗೆ ಸಾಲದೆನಿಸಿತು. ಹೊರನಾಡಿನಲ್ಲಿ ಕೀರ್ತಿ ಗಳಿಸಿದವನನ್ನು ಅವನ ತಾಯ್ನಾಡಿನ ನಡೆನುಡಿಯೂ ಬೆನ್ನಟ್ಟಿ ಬರುತ್ತದೆ. ಆಗ ಆಡಿದ ಮಾತಿಗೂ ಬೆಲೆಯಿದೆ, ಆಡದ ಮಾತಿಗೂ ಬೆಲೆಯಿದೆ.

೨೦೨೦ರಲ್ಲಿ ಹೊರಬಂದ ‘ಸೈಬರ್‌ಪಂಕ್ ೨೦೭೭’ ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ವಿನೋದವಿದೆ. ಅದರಲ್ಲಿ ನೀನಾ ಕ್ರಾವಿಜ್ ಎಂಬ ಹೆಸರಿನ ಪಾತ್ರವೊಂದು ಬರುತ್ತದೆ. ಆ ಪಾತ್ರದ ಕಸುಬು ಸಂಗೀತವಲ್ಲ. ಭವಿಷ್ಯದ ನಗರದಲ್ಲಿ ಜನರ ದೇಹಗಳನ್ನು ಸರಿಪಡಿಸುವ ವೈದ್ಯಕೀಯ! ಎಂದೋ ಕೆಳಗಿಟ್ಟ ವೈದ್ಯವೃತ್ತಿ ಹೀಗೆ ನೆನಪಾಗಿ ಉಳಿಯಿತು. ಅನ್ನ ಕೊಟ್ಟ ವಿದ್ಯೆಯು ಸುಲಭವಾಗಿ ಮನುಷ್ಯನ ಕೈಬಿಡುವುದಿಲ್ಲ. ಹಗಲಿನ ದುಡಿಮೆಯಲ್ಲಿ ಕಲಿತ ಸ್ಥಿರವಾದ ಕೈ, ಎದುರಿಗಿರುವವನ ನೋವನ್ನು ಗಮನಿಸುವ ಕಣ್ಣು, ಇವೇ ಇರುಳಿನ ಕೆಲಸಕ್ಕೂ ಒದಗಿದವು. ಇಂದು ರಾತ್ರಿ ಕೆಲಸ ಮುಗಿಸಿ ಪುಸ್ತಕವನ್ನೋ ಹಾರ್ಮೋನಿಯಮ್ಮನ್ನೋ ಕೈಗೆತ್ತಿಕೊಳ್ಳುವ ಗೆಳೆಯನು ಹಗಲಿನ ಹೊತ್ತು ವ್ಯರ್ಥವಾಯಿತೆಂದು ಕೊರಗಬೇಕಾದುದಿಲ್ಲ.