ಆಕಾಶದ ಕಾವಲೂ ಮನೆಯ ಲೆಕ್ಕವೂ

ಯುದ್ಧವಿಮಾನಗಳ ವಿಷಯವು ಸೇನಾಧಿಪತಿಗಳಿಗೂ ಮಂತ್ರಿಗಳಿಗೂ ಸೇರಿದುದು, ಗೃಹಸ್ಥರಾದ ನಮಗೆ ಅದರಿಂದೇನು ಎಂದು ಕೆಲವರು ಕೇಳುವುದುಂಟು. ಆದರೆ ಆ ವಿಮಾನಗಳನ್ನು ಕೊಳ್ಳುವ ಹಣವು ನಾವು ತೆರುವ ತೆರಿಗೆಯಿಂದ ಬಂದುದು. ಅವುಗಳನ್ನು ಹಾರಿಸುವ ತರುಣರು ನಮ್ಮಂತಹ ಮನೆಗಳಲ್ಲಿಯೇ ಬೆಳೆದವರು. ಆದುದರಿಂದ ನಮ್ಮ ದೇಶವು ಹೊಸ ಯುದ್ಧವಿಮಾನಗಳನ್ನು ಹೇಗೆ ಸಂಪಾದಿಸುತ್ತಿದೆ, ಅದಕ್ಕೆ ಇಷ್ಟು ಕಾಲವೇಕೆ ಹಿಡಿಯುತ್ತಿದೆ ಎಂಬುದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ವಾಯುಸೇನೆಯಲ್ಲಿ ವಿಮಾನಗಳನ್ನು ‘ಸ್ಕ್ವಾಡ್ರನ್’ ಎಂಬ ದಳಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ದಳದಲ್ಲಿ ಸುಮಾರು 16ರಿಂದ 18 ವಿಮಾನಗಳಿರುವುವು. ಭಾರತಕ್ಕೆ ಇಂತಹ 42 ದಳಗಳು ಬೇಕೆಂದು ಸರ್ಕಾರದವರು ಬಹುಕಾಲದ ಹಿಂದೆಯೇ ಒಪ್ಪಿದ್ದಾರೆ. ಆದರೆ 1963ರಲ್ಲಿ ನಮ್ಮ ಸೇನೆಯನ್ನು ಸೇರಿದ ಮಿಗ್-21 ಜಾತಿಯ ವಿಮಾನಗಳು 62 ವರ್ಷ ದುಡಿದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿಶ್ರಾಂತಿ ಪಡೆದಾಗ, ದಳಗಳ ಸಂಖ್ಯೆಯು 29ಕ್ಕೆ ಇಳಿಯಿತು. 1971ರ ಯುದ್ಧದಲ್ಲಿ ಕೀರ್ತಿಯನ್ನು ತಂದ ಈ ವಿಮಾನವೇ ಮುಂದೆ ಅನೇಕ ಚಾಲಕರ ಪ್ರಾಣಕ್ಕೆ ಎರವಾಯಿತು. ಹೊಸ ವಿಮಾನವು ಸಕಾಲಕ್ಕೆ ಬಾರದಿದ್ದುದರಿಂದ ಹಳೆಯದನ್ನೇ ಹಾರಿಸಬೇಕಾಯಿತು. ತಡವೆಂಬುದು ಇಲ್ಲಿ ಕೇವಲ ಕಾಗದಪತ್ರಗಳ ಮಾತಲ್ಲ.

ಹೊರದೇಶದಿಂದ ಕೊಳ್ಳುವುದು ಮೊದಲನೆಯ ದಾರಿ. 2007ರಲ್ಲಿ ಸರ್ಕಾರದವರು 126 ವಿಮಾನಗಳಿಗಾಗಿ ಬೆಲೆ ಕರೆದರು. ಆರು ಬಗೆಯ ವಿಮಾನಗಳು ಪರೀಕ್ಷೆಗೆ ಬಂದುವು. 2012ರಲ್ಲಿ ಫ್ರಾನ್ಸ್ ದೇಶದ ರಫೇಲ್ ಆಯ್ಕೆಯಾಯಿತು. ಆದರೆ ಬೆಲೆಯ ವಿಷಯದಲ್ಲಿಯೂ, ಬೆಂಗಳೂರಿನಲ್ಲಿ ತಯಾರಾಗಬೇಕಾದ ವಿಮಾನಗಳಿಗೆ ಹೊಣೆ ಯಾರು ಎಂಬ ವಿಷಯದಲ್ಲಿಯೂ ಮಾತುಕತೆಯು ಮುಗಿಯಲೇ ಇಲ್ಲ. ಕಡೆಗೆ 2015ರಲ್ಲಿ ಆ ಏರ್ಪಾಡನ್ನು ಕೈಬಿಟ್ಟು, 36 ವಿಮಾನಗಳನ್ನು ಸಿದ್ಧರೂಪದಲ್ಲಿಯೇ ಕೊಳ್ಳುವುದೆಂದು ನಿಶ್ಚಯಿಸಿದರು. 2016ರ ಸೆಪ್ಟೆಂಬರಿನಲ್ಲಿ ಸುಮಾರು 59,000 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಮೊದಲನೆಯ ಐದು ವಿಮಾನಗಳು 2020ರ ಜುಲೈ 29ರಂದು ಅಂಬಾಲಾದಲ್ಲಿ ಇಳಿದುವು. ಬೆಲೆ ಕರೆದಂದಿನಿಂದ ಅಂದಿಗೆ 13 ವರ್ಷಗಳು ಕಳೆದಿದ್ದುವು!

ಈ ಮೊತ್ತವನ್ನು 36ರಿಂದ ಭಾಗಿಸಿ ಒಂದು ವಿಮಾನದ ಬೆಲೆ ಇಷ್ಟೆಂದು ಹೇಳುವವರುಂಟು. ಇದು ಸರಿಯಾದ ಲೆಕ್ಕವಲ್ಲ. ಹಸುವನ್ನು ಕೊಂಡವನು ಕೊಟ್ಟಿಗೆಯನ್ನೂ ಕಟ್ಟಿಸಬೇಕು, ಹುಲ್ಲು ಹಿಂಡಿಗಳನ್ನೂ ಒದಗಿಸಬೇಕು. ಹಾಗೆಯೇ ಆ ಹಣದಲ್ಲಿ ಕ್ಷಿಪಣಿಗಳು, ಬಿಡಿಭಾಗಗಳು, ಚಾಲಕರ ಶಿಕ್ಷಣ, ದುರಸ್ತಿಯ ಏರ್ಪಾಡು, ನಮ್ಮ ದೇಶಕ್ಕೆಂದೇ ಮಾಡಿಸಿದ ಮಾರ್ಪಾಡುಗಳು ಇವೆಲ್ಲವೂ ಸೇರಿವೆ. ವಿಮಾನವು ಮೂವತ್ತು ನಲವತ್ತು ವರ್ಷ ಹಾರುವುದಾದರೆ, ಕೊಂಡ ಬೆಲೆಗಿಂತಲೂ ಸಾಕುವ ವೆಚ್ಚವೇ ಹೆಚ್ಚಾಗುವುದು ಸಾಮಾನ್ಯ. ಮುಂದೆ 2025ರ ಏಪ್ರಿಲ್‌ನಲ್ಲಿ ನೌಕಾಸೇನೆಗಾಗಿ ಇದೇ ಜಾತಿಯ 26 ವಿಮಾನಗಳನ್ನು ಕೊಳ್ಳಲು ಸುಮಾರು 63,000 ಕೋಟಿ ರೂಪಾಯಿಗಳ ಒಪ್ಪಂದವೂ ಆಯಿತು.

ಸ್ವದೇಶದಲ್ಲಿಯೇ ತಯಾರಿಸುವುದು ಎರಡನೆಯ ದಾರಿ. ಇದರ ಕಥೆಯು ಕನ್ನಡಿಗರಿಗೆ ಹತ್ತಿರದ್ದು. 1940ರಲ್ಲಿ ಉದ್ಯಮಿ ವಾಲಚಂದ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ, ಮೈಸೂರು ಸಂಸ್ಥಾನವು ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿತು. ಅದೇ ಇಂದಿನ ಹಿಂದೂಸ್ಥಾನ್ ಏರೋನಾಟಿಕ್ಸ್. ಜರ್ಮನಿಯ ಪ್ರಸಿದ್ಧ ಶಿಲ್ಪಿ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ‘ಮಾರುತ’ ಎಂಬ ಜೆಟ್ ಯುದ್ಧವಿಮಾನವು 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಅದರ ಶರೀರವು ಉತ್ತಮವಾಗಿದ್ದಿತು. ಆದರೆ ಅದಕ್ಕೆ ತಕ್ಕ ಬಲವುಳ್ಳ ಎಂಜಿನ್ ದೊರೆಯಲಿಲ್ಲ. ಆದಕಾರಣ ಶಬ್ದದ ವೇಗವನ್ನು ಬಹಳವಾಗಿ ಮೀರಬೇಕೆಂಬ ಉದ್ದೇಶವು ಕೈಗೂಡಲಿಲ್ಲ.

ಅದೇ ಕೊರತೆಯು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 1983ರಲ್ಲಿ ಸರ್ಕಾರದ ಅನುಮತಿಯನ್ನು ಪಡೆದ ‘ತೇಜಸ್’ ವಿಮಾನವು 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿ, 2016ರ ಜುಲೈನಲ್ಲಿ ಸೇನೆಯ ದಳವಾಯಿತು. ಇದಕ್ಕೆಂದು ಬೆಂಗಳೂರಿನಲ್ಲಿಯೇ ಆರಂಭಿಸಿದ ‘ಕಾವೇರಿ’ ಎಂಜಿನ್ ಬೇಕಾದಷ್ಟು ಬಲವನ್ನು ಕೊಡಲಿಲ್ಲವಾಗಿ, ಅಮೆರಿಕೆಯ ಎಂಜಿನನ್ನೇ ಜೋಡಿಸಬೇಕಾಯಿತು. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. ಮೊದಲನೆಯದು 2024ರ ಮಾರ್ಚಿಯೊಳಗೆ ಸೇನೆಯ ಕೈಸೇರಬೇಕಾಗಿದ್ದಿತು; ಸೇರಲಿಲ್ಲ. ಎಂಜಿನ್‌ಗಳ ಸರಬರಾಯಿಯು 2025ರ ಮಾರ್ಚಿಯಲ್ಲಿ ತಾನೆ ಆರಂಭವಾದುದು ಇದಕ್ಕೆ ಒಂದು ಮುಖ್ಯ ಕಾರಣ. ಹೀಗಿದ್ದರೂ 2025ರ ಸೆಪ್ಟೆಂಬರ್ 25ರಂದು, 62,000 ಕೋಟಿಗೂ ಮೀರಿದ ಹಣಕ್ಕೆ, ಇನ್ನೂ 97 ವಿಮಾನಗಳನ್ನು ಕೊಳ್ಳಲು ಒಪ್ಪಂದ ಮಾಡಲಾಯಿತು.

ಜೆಟ್ ಎಂಜಿನ್ ಮಾಡುವುದು ಅಷ್ಟು ಕಷ್ಟವೇ ಎಂದು ವಾಚಕರು ಕೇಳಬಹುದು. ಅಹುದು, ಕಷ್ಟವೇ. ಅದರೊಳಗೆ ತಿರುಗುವ ಪುಟ್ಟ ಅಲಗುಗಳ ಸುತ್ತಲಿನ ಬಿಸಿಗಾಳಿಯು ಅವು ಮಾಡಲ್ಪಟ್ಟ ಲೋಹವನ್ನೇ ಕರಗಿಸುವಷ್ಟು ಕಾದಿರುತ್ತದೆ. ಅಲಗಿನೊಳಗೆ ಕೂದಲೆಳೆಯಂತಹ ದಾರಿಗಳನ್ನು ಕೊರೆದು ತಣ್ಣನೆಯ ಗಾಳಿಯನ್ನು ಹರಿಸಿ ಅದನ್ನು ಉಳಿಸಬೇಕು. ಲೋಹವನ್ನು ಒಂದೇ ಹರಳಾಗಿ ಎರೆಯಬೇಕು. ಈ ವಿದ್ಯೆಯನ್ನು ಪೂರ್ಣವಾಗಿ ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಬಲ್ಲವರು ಅದನ್ನು ಸುಲಭವಾಗಿ ಮಾರುವುದಿಲ್ಲ.

ಹಾಗಾದರೆ ಎರಡು ದಾರಿಗಳಲ್ಲಿ ಯಾವುದು ಮೇಲು? ಕೊಂಡರೆ ಬೇಗನೆ ಬರುತ್ತದೆಂಬ ಮಾತನ್ನು ಆ 13 ವರ್ಷಗಳ ವೃತ್ತಾಂತವು ಸುಳ್ಳುಮಾಡಿದೆ. ಮಾಡಿದರೆ ಸ್ವಾತಂತ್ರ್ಯವುಂಟೆಂಬ ಮಾತೂ ಎಂಜಿನ್ ಪರರದಾಗಿರುವ ತನಕ ಅರ್ಧಸತ್ಯವೇ. ಇಂದಿನ ಕೊರತೆಯನ್ನು ತುಂಬಲು ಸ್ವಲ್ಪ ಕೊಳ್ಳದೆ ವಿಧಿಯಿಲ್ಲ. ಆದರೆ ಕೊಳ್ಳುವುದೇ ಅಭ್ಯಾಸವಾಗಿ, ಮಾಡುವ ಕೈಗಳಿಗೆ ಕೆಲಸ ತಪ್ಪಿಹೋದರೆ, ನಮ್ಮ ಮೊಮ್ಮಕ್ಕಳೂ ಇದೇ ಬೆಲೆಯ ಚರ್ಚೆಯನ್ನು ಮಾಡುತ್ತಿರುವರು. ಮಾರುತದ ತರುವಾಯ ನಡೆದುದು ಇದೇ ಅಲ್ಲವೆ? ಆ ವಿಮಾನವನ್ನು ಕಟ್ಟಿದವರ ಅನುಭವವು ಮುಂದಿನ ತಲೆಮಾರಿಗೆ ಇಳಿಯುವ ಮೊದಲೇ ಚೆದುರಿಹೋಯಿತು. ತೇಜಸ್ಸಿನವರು ಬಹುಮಟ್ಟಿಗೆ ಅ ಆ ಇ ಈಯಿಂದಲೇ ಮೊದಲುಮಾಡಬೇಕಾಯಿತು.

2025ರ ನವೆಂಬರ್ 21ರಂದು ದುಬೈಯ ಪ್ರದರ್ಶನದಲ್ಲಿ ತೇಜಸ್ ವಿಮಾನವೊಂದು ಬಿದ್ದು ನಮ್ಮ ಚಾಲಕರೊಬ್ಬರು ಅಸುನೀಗಿದರು. ಇಂತಹ ದಿನಗಳಲ್ಲಿ ಸ್ವದೇಶೀ ಪ್ರಯತ್ನವನ್ನೇ ಹಳಿಯುವುದು ಸುಲಭ. ಅದರ ದೋಷಗಳನ್ನು ಮುಚ್ಚುವುದೂ ಅಷ್ಟೇ ಸುಲಭ. ಎರಡೂ ತರವಲ್ಲ. ನಮ್ಮ ಗೃಹಸ್ಥರು ಮಗನನ್ನು ಓದಿಸುವಾಗ ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆದರೆ ವರ್ಷವರ್ಷವೂ ಅವನ ಅಂಕಪಟ್ಟಿಯನ್ನು ಕೇಳಿ ನೋಡುತ್ತಾರೆ. ಆಕಾಶವನ್ನು ಕಾಯುವ ಕೆಲಸಕ್ಕೂ ನಾವು ಕೊಡಬೇಕಾದುದು ಅಂತಹ ತಾಳ್ಮೆ, ಕೇಳಬೇಕಾದುದು ಅಂತಹ ಲೆಕ್ಕ.