ಏಮಾರಿದವರು, ಏಮಾರಿಸಿದವರು

ಮದ್ದೂರಿನ ಎಳನೀರು ಮಾರುಕಟ್ಟೆ ನಾಡಿನಲ್ಲೆಲ್ಲ ಹೆಸರಾದುದು. ಸುತ್ತಣ ತೋಟಗಳಿಂದ ಬಂದ ಎಳನೀರು ಇಲ್ಲಿಂದ ಲಾರಿಗಳನ್ನೇರಿ ದೂರದ ನಗರಗಳಿಗೆ ಹೋಗುತ್ತದೆ. ಸಾವಿರಗಟ್ಟಲೆ ಕಾಯಿಗಳ ಎಣಿಕೆ ನಡೆಯುವ ಇಂಥ ಕಡೆ ಒಬ್ಬ ರೈತನಿಗೆ ಲೆಕ್ಕದಲ್ಲಿ ನೂರು ಕಾಯಿ ಕಡಮೆ ಬಿತ್ತೆಂದು ಊಹಿಸಿಕೊಳ್ಳಿ. ಅವನು ಮನೆಗೆ ಬಂದು, “ಯಾಮಾರ್ಬುಟ್ಟೆ ಕಣಮ್ಮಿ” ಎನ್ನುತ್ತಾನೆ. ಹೆಂಡತಿ ಒಡನೆಯೇ ಕೇಳುತ್ತಾಳೆ: “ಯಾರು ಯಾಮಾರ್ಸಿದ್ದು?” ಗಂಡನ ಮಾತಿನಲ್ಲಿ ಮೋಸಗಾರನ ಸುಳಿವೇ ಇಲ್ಲ, ಹೆಂಡತಿಯ ಮಾತು ಅವನನ್ನೇ ಹುಡುಕಿಕೊಂಡು ಹೊರಟಿದೆ. ಎರಡೂ ವಾಕ್ಯಗಳಲ್ಲಿರುವ ಧಾತು ಮಾತ್ರ ಒಂದೇ.

‘ಯಾಮಾರು’ ಎಂಬುದು ಗ್ರಾಮ್ಯವೆಂದು ಕೆಲವರು ಮೂಗು ಮುರಿಯುವುದುಂಟು. ಅದು ನಿಷ್ಕಾರಣವಾದ ತಾತ್ಸಾರ. ಏಕೆ ಎಂಬುದು ಯಾಕೆ ಎಂದೂ, ಏಲಕ್ಕಿ ಎಂಬುದು ಯಾಲಕ್ಕಿ ಎಂದೂ, ನೀರೆತ್ತುವ ಏತವು ಯಾತ ಎಂದೂ ಮಂಡ್ಯದ ಕಡೆಯ ಬಾಯಲ್ಲಿ ಬರುವಂತೆಯೇ, ಬರಹದ ‘ಏಮಾರು’ ಮಾತಿನಲ್ಲಿ ‘ಯಾಮಾರು’ ಆಗಿದೆ. ತಮಿಳು, ತೆಲುಗುಗಳಲ್ಲಿಯೂ ಇದರ ಬಂಧುಗಳಿವೆ. ಎಚ್ಚರ ತಪ್ಪು, ಮೈಮರೆ ಎಂಬ ಅರ್ಥವೂ ಈ ಪದಕ್ಕಿದೆ. “ಒಸಿ ಯಾಮಾರಿದ್ರೆ ಕಾಲುವೆಗೆ ಬಿದ್ದೋಯ್ತಿದ್ದೆ” ಎಂದು ಬೈಸಿಕಲ್ಲಿನ ಹುಡುಗ ಹೇಳುವಾಗ ಅಲ್ಲಿ ಮೋಸ ಮಾಡಿದವರು ಯಾರೂ ಇಲ್ಲ; ಇರುವುದು ಅಜಾಗರೂಕತೆ ಮಾತ್ರ. ಆದುದರಿಂದ ‘ನಾನು ಏಮಾರಿದೆನು’ ಎನ್ನುವವನು ತಿಳಿದೋ ತಿಳಿಯದೆಯೋ ತಪ್ಪಿನಲ್ಲಿ ಒಂದು ಪಾಲನ್ನು ತನ್ನ ಮೇಲೆಯೇ ಹಾಕಿಕೊಳ್ಳುತ್ತಾನೆ.

ಮೋಸ ಮಾಡಿದವನನ್ನು ಕರ್ತೃವಾಗಿ ನಿಲ್ಲಿಸಬೇಕಾದರೆ ‘ಇಸು’ ಪ್ರತ್ಯಯ ಬೇಕು. ಓಡು, ಓಡಿಸು, ಕಲಿ, ಕಲಿಸು, ಹಾಗೆಯೇ ಏಮಾರು, ಏಮಾರಿಸು. ‘ದಲ್ಲಾಳಿ ನನ್ನನ್ನು ಏಮಾರಿದನು’ ಎಂಬ ವಾಕ್ಯವನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಕಾಣಬಹುದು. ಏಮಾರು ಅಕರ್ಮಕ; ಅದಕ್ಕೆ ‘ನನ್ನನ್ನು’ ಎಂಬ ಕರ್ಮಪದ ಸಲ್ಲದು. ‘ಏಮಾರಿಸಿದನು’ ಎಂದೇ ಬರೆಯಬೇಕು. ಹಾಗೆಂದು ‘ವಂಚಿಸು’ ಎಂಬಲ್ಲಿಯೂ ಪ್ರೇರಣೆಯ ಇಸು ಇದೆಯೆಂದು ಬಗೆಯಬಾರದು. ಅಲ್ಲಿ ಸಂಸ್ಕೃತದ ಪದವೊಂದನ್ನು ಕನ್ನಡದ ಕ್ರಿಯಾಪದವಾಗಿಸಲು ಅದು ಸೇರಿದೆ. ಯೋಚಿಸು, ಭಾವಿಸು ಎಂಬಲ್ಲಿ ಇರುವಂತೆ. ಆ ಸಂಸ್ಕೃತ ಧಾತುವಿಗೆ ವಕ್ರವಾಗಿ ನಡೆ ಎಂಬ ಅರ್ಥವಿದ್ದುದನ್ನು ನೆನೆದರೆ, ಡೊಂಕು ನಡೆಯವನೇ ವಂಚಕನೆಂಬುದು ಸೊಗಸಾಗಿ ಕಾಣುತ್ತದೆ.

ಹೆಚ್ಚು ತೊಡಕಿರುವುದು ‘ಮೋಸ’ದ ಬಳಕೆಯಲ್ಲಿ. ‘ನನ್ನನ್ನು ಮೋಸ ಮಾಡಿದನು’ ಎಂದು ಈಗೀಗ ಬಹಳ ಮಂದಿ ಹೇಳುತ್ತಾರೆ. ‘ಮೋಸ ಮಾಡು’ ಎಂಬಲ್ಲಿ ಮಾಡುವ ವಸ್ತು ಮೋಸವೇ. ಕರ್ಮದ ಸ್ಥಾನವನ್ನು ಅದು ಆಗಲೇ ಹಿಡಿದು ಕುಳಿತಿದೆ. ಮೋಸಕ್ಕೆ ಗುರಿಯಾದವನು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾನೆ: ‘ನನಗೆ ಮೋಸ ಮಾಡಿದನು’. ‘ನನ್ನನ್ನು’ ಎಂದೇ ಹೇಳಬೇಕೆಂದಿದ್ದರೆ ‘ಮೋಸಗೊಳಿಸಿದನು’ ಅಥವಾ ‘ವಂಚಿಸಿದನು’ ಎನ್ನಬಹುದು. ಇನ್ನು ‘ಮೋಸಹೋಗು’ ಎಂಬುದರಲ್ಲಿ ನೊಂದವನೇ ಕರ್ತೃ. ಯಾವುದನ್ನು ನಂಬಿ ಕೆಟ್ಟನೋ ಅದು ಚತುರ್ಥಿಯಲ್ಲಿ ನಿಲ್ಲುತ್ತದೆ: ‘ಬಣ್ಣದ ಮಾತಿಗೆ ಮೋಸಹೋದೆನು’. ಮಹಾಭಾರತದ ದ್ಯೂತವನ್ನು ಕುರಿತು ‘ಧರ್ಮರಾಯನು ಜೂಜಿನಲ್ಲಿ ಸೋತನು’, ‘ಧರ್ಮರಾಯನು ಮೋಸಹೋದನು’, ‘ಶಕುನಿಯು ಧರ್ಮರಾಯನನ್ನು ವಂಚಿಸಿದನು’ ಎಂದು ಮೂರು ಬಗೆಯಾಗಿ ಬರೆಯಬಹುದು. ನಡೆದ ಘಟನೆ ಒಂದೇ, ತೀರ್ಪುಗಳು ಮೂರು. ಮೊದಲನೆಯದರಲ್ಲಿ ಆಟ ನ್ಯಾಯವಾದುದೆಂಬ ಭಾವನೆ ಬರುತ್ತದೆ. ಮೂರನೆಯದರಲ್ಲಿ ಮಾತ್ರ ಪಗಡೆ ಯಾರ ಕೈಯಲ್ಲಿತ್ತೆಂಬುದು ತಿಳಿಯುತ್ತದೆ.

ವಂಚಿಸಲು ಉದ್ದೇಶ ಬೇಕು. ಮಳೆ ಬಾರದಿದ್ದರೆ ನಮ್ಮ ರೈತನು ‘ಮಳೆ ಕೈಕೊಟ್ಟಿತು’ ಎನ್ನುತ್ತಾನೆ. ನಟ್ಟ ನಡುಬೇಸಗೆಯಲ್ಲಿ ಪಂಪ್‌ಸೆಟ್ಟು ಕೆಟ್ಟರೂ ಅದು ‘ಕೈಕೊಟ್ಟಿತು’. ಪಂಪ್‌ಸೆಟ್ಟು ವಂಚಿಸಿತೆಂದು ಅವನು ಹೇಳನು. (ಕವಿಗಳು ಹೇಳಿಯಾರು, ಅವರ ದಾರಿಯೇ ಬೇರೆ.) ಟೋಪಿ ಹಾಕು, ಕಣ್ಣಿಗೆ ಮಣ್ಣೆರಚು ಎಂಬ ನುಡಿಗಟ್ಟುಗಳಿಗಾದರೋ ಬೇಕೆಂದೇ ಮಾಡುವ ಮನುಷ್ಯನೊಬ್ಬನಿರಬೇಕು. ತಕ್ಕಡಿಯಲ್ಲಿ ದೋಷವಿದ್ದು ತೂಕ ಕಡಮೆಯಾದರೆ ‘ತೂಕ ತಪ್ಪಿತು’ ಎಂದಷ್ಟೇ ಹೇಳತಕ್ಕದ್ದು. ಆ ದೋಷವನ್ನು ಅರಿತೂ ತೂಗಿದವನ ವಿಷಯದಲ್ಲಿ ‘ಮೋಸ ಮಾಡಿದನು’ ಎಂಬ ಮಾತು ಸಲ್ಲುತ್ತದೆ. ಅರಿತಿರದವನ ಮೇಲೆ ಅದೇ ಕ್ರಿಯಾಪದವನ್ನು ಹೊರಿಸುವುದು ಅನ್ಯಾಯ.

‘ವಂಚಿತ’ ಎಂಬ ಪದ ಬೇರೊಂದು ದಾರಿ ಹಿಡಿದಿದೆ. ‘ನಾಲೆಯ ಕೊನೆಯ ಭಾಗದ ಊರುಗಳು ನೀರಿನಿಂದ ವಂಚಿತವಾದವು’ ಎಂಬಂಥ ವಾಕ್ಯಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಇಲ್ಲಿ ನೀರು ಮೋಸ ಮಾಡಲಿಲ್ಲ, ನೀರು ದೊರೆಯಲಿಲ್ಲ. ಈ ಬಳಕೆ ಬೇರೂರಿರುವುದರಿಂದ ತಪ್ಪೆನ್ನಲಾಗದು. ಆದರೂ ‘ನೀರು ದೊರೆಯಲಿಲ್ಲ’ ಎಂಬುದೇ ನೇರವಾದ ಕನ್ನಡ.

ಕಾನೂನು ಕೂಡ ಉದ್ದೇಶವನ್ನೇ ಕೇಳುತ್ತದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ, ವಂಚಿಸಿ ಸ್ವತ್ತನ್ನು ಪಡೆಯುವುದಕ್ಕೆ ಶಿಕ್ಷೆಯನ್ನು ಹೇಳಿದುದು 420ನೆಯ ಕಲಮು. ಮೋಸಗಾರನನ್ನು ‘ಫೋರ್‌ಟ್ವೆಂಟಿ’ ಎಂದು ಜರೆಯುವ ರೂಢಿ ಬಂದುದು ಅದರಿಂದಲೇ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ವಂಚನೆಯ ಅಪರಾಧ 318ನೆಯ ಕಲಮಿಗೆ ಸರಿದಿದೆ. ಬೈಗುಳ ಮಾತ್ರ ಹಳೆಯ ಸಂಖ್ಯೆಯಲ್ಲಿಯೇ ಉಳಿದುಕೊಂಡಿದೆ.

ಈಗ ಮೋಸವು ದೂರವಾಣಿಯಲ್ಲಿಯೂ ಬರುತ್ತದೆ. ಬ್ಯಾಂಕಿನವನೆಂದು ಹೇಳಿಕೊಂಡವನಿಗೆ ಗುಟ್ಟಿನ ಸಂಖ್ಯೆಯನ್ನು ಕೊಟ್ಟು ಹಣ ಕಳೆದುಕೊಂಡ ಹಿರಿಯರು ನಾಚಿಕೆಯಿಂದ ‘ಏಮಾರಿಬಿಟ್ಟೆ’ ಎಂದು ಸುಮ್ಮನಾಗುತ್ತಾರೆ. ಇಂಥ ದೂರುಗಳಿಗೆಂದೇ 1930 ಎಂಬ ಸಹಾಯವಾಣಿಯಿದೆ. ಮನೆಯಲ್ಲಿ ದೂರು ಬರೆದುಕೊಡುವ ಕೆಲಸ ಅನೇಕ ವೇಳೆ ಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬೀಳುತ್ತದೆ. ಆಗ ‘ನಮ್ಮ ಅಜ್ಜ ಏಮಾರಿ ಹಣ ಕಳೆದುಕೊಂಡರು’ ಎಂದು ಬರೆದರೆ ದೂರಿನಲ್ಲಿ ಅಜ್ಜನಲ್ಲದೆ ಬೇರೆ ಯಾರೂ ಇರುವುದಿಲ್ಲ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ಸಂಖ್ಯೆಯಿಂದ ಕರೆ ಮಾಡಿದ ವ್ಯಕ್ತಿಯು ತಾನು ಬ್ಯಾಂಕಿನ ಅಧಿಕಾರಿಯೆಂದು ನಂಬಿಸಿ, ನಮ್ಮ ಅಜ್ಜನವರನ್ನು ವಂಚಿಸಿ, ಅವರ ಖಾತೆಯಿಂದ ಇಷ್ಟು ರೂಪಾಯಿಗಳನ್ನು ತೆಗೆದುಕೊಂಡಿರುತ್ತಾನೆ’ ಎಂದು ಬರೆಯಬೇಕು.