ಅಲಿಬಾಬಾ ಷೇರು ಕೊಂಡರೆ ಕೈಗೆ ಬರುವುದೇನು?

ಪ್ರಶ್ನೆ: ನ್ಯೂಯಾರ್ಕ್ ಷೇರುಪೇಟೆಯಲ್ಲಿ ಅಲಿಬಾಬಾ ಷೇರು ಕೊಂಡರೆ ಅದರ ಚೀನಾ ವ್ಯವಹಾರದಲ್ಲಿ ನಾನೂ ಪಾಲುದಾರನೇ?

ಉತ್ತರ: ನೇರವಾಗಿ ಅಲ್ಲ. ನಿಮಗೆ ಸಿಗುವುದು ಕೇಮನ್ ದ್ವೀಪಗಳಲ್ಲಿ ನೋಂದಣಿಯಾದ ಕಂಪನಿಯ ಪಾಲು. ಇಂಟರ್ನೆಟ್ ಉದ್ಯಮದ ಹಲವು ಭಾಗಗಳಲ್ಲಿ ವಿದೇಶಿ ಒಡೆತನಕ್ಕೆ ಚೀನಾದ ಕಾನೂನು ಮಿತಿ ಹಾಕಿದೆ. ಹಾಗಾಗಿ ಆ ಭಾಗಗಳ ಪರವಾನಗಿ ಇರುವ ಕಂಪನಿಗಳು ಚೀನೀಯರ ಹೆಸರಿನಲ್ಲೇ ಇರುತ್ತವೆ; ಕೇಮನ್ ಕಂಪನಿಗೆ ಅವುಗಳ ಮೇಲಿರುವ ಹಿಡಿತ ಬರೀ ಕರಾರುಪತ್ರಗಳದ್ದು. ತಗಾದೆ ಎದ್ದರೆ ಅನ್ವಯವಾಗುವುದು ಚೀನಾದ ಕಾನೂನೇ.

ಸರ್ಕಾರದ ನಿಲುವು ಬದಲಾದರೆ ಏನಾಗುತ್ತದೆ? ಚೀನಾದ ಟ್ಯಾಕ್ಸಿ ಕಂಪನಿ ದೀದಿ 2021ರ ಜೂನ್‌ನಲ್ಲಿ ನ್ಯೂಯಾರ್ಕ್ ಪೇಟೆಗೆ ಬಂತು. ಕೆಲವೇ ದಿನಗಳಲ್ಲಿ ಚೀನಾದ ಆ್ಯಪ್ ಸ್ಟೋರ್‌ಗಳಿಂದ ಅದರ ಆ್ಯಪ್ ತೆಗೆಸಲಾಯಿತು. ಮರುವರ್ಷದ ಜೂನ್‌ನಲ್ಲಿ ಅದು ಆ ಪೇಟೆಯಿಂದಲೇ ಹೊರಬಿತ್ತು. ಬೆಲೆಯ ಏರಿಳಿತಕ್ಕಿಂತ ಇದೇ ದೊಡ್ಡ ಅಪಾಯ. ಮಕ್ಕಳ ಓದಿಗೆಂದು ಎತ್ತಿಟ್ಟ ಹಣವನ್ನು ದಯವಿಟ್ಟು ಇಂಥ ಷೇರುಗಳಿಗೆ ಹಾಕಬೇಡಿ.